ಹಾಡಿನ ಮೇಲೆ ಪಾಠ

ಮುರಿದದ್ದು ಅವಳು, ಅಂಟಿಸಿದ್ದು ಅವನು. ಕ್ಯಾಸೆಟ್ಟಿನ ಅಂಚಿನಲ್ಲಿರುವ ಆ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಅವಳು ಹುಡುಗಿಯಾಗಿದ್ದಾಗ ತನ್ನ ಇಂಗ್ಲಿಷ್ ಹಾಡುಗಳನ್ನು ಹಾಗೆ ಕಾಪಾಡಿಕೊಂಡಿದ್ದಳು. ಮದುವೆಯಾದ ವರ್ಷ ಅವನು ಆ ತೂತಿಗೆ ಗಮ್ ಟೇಪಿನ ತುಂಡು ಹಚ್ಚಿ, ಟೇಪು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಾಡಿನ ಮೇಲೆ ತನ್ನ ಅರ್ಥಶಾಸ್ತ್ರದ ಪಾಠ ತುಂಬಿದ್ದ. ಆಗಷ್ಟೇ ಲೆಕ್ಚರರ್ ಆಗಿದ್ದ. ಕನ್ನಡಿ ಸಾಲದೆ ಧ್ವನಿಯನ್ನೂ ನೋಡಿಕೊಳ್ಳುವ ಚಟ.

ಆ ತುಂಡು ಈಗ ಹಳದಿಯಾಗಿತ್ತು. ಅವನು ಅದನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಾಗ ನಾದಿನಿಯ ಫೋನು ಬಂತು.

"ಅಕ್ಕನ ಕ್ಯಾಸೆಟ್ಟು ಸಿಕ್ತಾ ಭಾವ?"

"ಒಂದು ಸಿಕ್ತು."

"ಹಾಡು ಇದೆಯಾ ಅದ್ರಲ್ಲಿ?"

"ಇದೆ. ಒಂದರ್ಧ."

"ಇನ್ನರ್ಧ?"

"ಸವೆದುಹೋಗಿದೆ."

ಸುಳ್ಳು. ಇನ್ನರ್ಧದಲ್ಲಿ ಅವನಿದ್ದ. ಅದಕ್ಕೇ ಅದನ್ನು ಅವಳಿಗೆ ಕೇಳಿಸಲು ಒಯ್ಯುತ್ತಿದ್ದ.

ಮರೆವಿಗೂ ಒಂದು ವಯಸ್ಸಿದೆ, ಎಪ್ಪತ್ತಾದರೂ ಆಗಬೇಕು ಎಂದುಕೊಂಡಿದ್ದ. ಹೆಂಡತಿಗೆ ಐವತ್ತನಾಲ್ಕು. ನಿನ್ನೆಯದು ಮೊದಲು ಹೋಯಿತು, ಆಮೇಲೆ ಹೋದ ವರ್ಷದ್ದು, ಆಮೇಲೆ ಮಗಳ ಬಾಲ್ಯ. ಹಾಗೆ ಹಿಂದೆ ಹಿಂದೆ ಸರಿಯುತ್ತ ಅವಳು ತನ್ನ ಇಪ್ಪತ್ತೆರಡನೆಯ ವಯಸ್ಸಿನ ಬಳಿ ಹೋಗಿ ನಿಂತಿದ್ದಳು. ಅವನು ಅವಳ ಬದುಕಿಗೆ ಬಂದದ್ದು ಇಪ್ಪತ್ತನಾಲ್ಕರಲ್ಲಿ.

ಹಗಲು ಹೊತ್ತು ಅವಳನ್ನು ನೋಡಿಕೊಳ್ಳುವ ಕೇಂದ್ರ ಎರಡು ಬೀದಿ ಆಚೆ. ಅವನು ಹೋದಾಗ ಅವಳು ಬಾಗಿಲಲ್ಲೇ ಇದ್ದಳು.

"ಬನ್ನಿ, ಕೂತ್ಕೊಳ್ಳಿ. ಯಾರನ್ನ ನೋಡ್ಬೇಕಿತ್ತು ನೀವು?"

"ಎಷ್ಟು ಮರ್ಯಾದೆ ಕೊಡ್ತಾರೆ ನೋಡಿ ಸರ್ ನಿಮ್ಗೆ!" ಎಂದಳು ನರ್ಸು, ಸಮಾಧಾನ ಹೇಳುವವಳಂತೆ.

ಹಾಳು ಮರ್ಯಾದೆ. ಮೂವತ್ತು ವರ್ಷ ಅವನನ್ನು ಹೋಗೋ, ಬಾರೋ ಎಂದೇ ಮಾತಾಡಿಸಿದವಳು ಅವಳು. ಈಗ ಒಂದು ಸಲ "ಲೋ" ಅಂದಿದ್ದರೆ ಅವಳ ಕಾಲಿಗೆ ಬೀಳುತ್ತಿದ್ದ.

ಹನ್ನೊಂದಕ್ಕೆ ಹಾಡಿನ ಹೊತ್ತು. ಎಂಟು ಕುರ್ಚಿಗಳ ಸುತ್ತು, ಎಂಟರಲ್ಲೂ ಐವತ್ತು ದಾಟಿದವರು. ಬೆಳಿಗ್ಗೆ ತಿಂಡಿ ತಿಂದೆವೋ ಇಲ್ಲವೋ ಗೊತ್ತಿಲ್ಲದವರಿಗೆ ಯಾವ ಸಾಲಿಗೆ ಭುಜ ಕುಣಿಸಬೇಕು, ಎಲ್ಲಿ ಚಿಟಿಕೆ ಹೊಡೆಯಬೇಕು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಹಲ್ಲಿನ ಡಾಕ್ಟರೊಬ್ಬರು, ತಮ್ಮ ಹೆಸರು ಕೇಳಿದರೆ ತಡಕಾಡುವವರು, ತೊಡೆಯ ಮೇಲೆ ಡ್ರಮ್ ಬಾರಿಸುತ್ತಿದ್ದರು. ಪರದೇಶದ ಯಾರೋ ಕೂದಲು ಬೆಳೆಸಿದ ಹುಡುಗರು ಇವರೆಲ್ಲರ ತಲೆಯಲ್ಲಿ ಬಾಡಿಗೆಯಿಲ್ಲದೆ ಕಾಯಂ ಆಗಿ ಉಳಿದುಕೊಂಡಿದ್ದರು. ತಾಳಿ ಕಟ್ಟಿದವನಿಗೆ ಜಾಗವಿಲ್ಲ. ಆ ಹಾಡುಗಳನ್ನು ಆಗ ಅವನು "ಕಿರುಚಾಟ" ಎಂದು ಕರೆದಿದ್ದ. ಈಗ ಅವುಗಳ ಮೇಲೆ ಅವನಿಗೆ ಹೊಟ್ಟೆಕಿಚ್ಚು. ನಾಚಿಕೆಗೆಟ್ಟ ಹೊಟ್ಟೆಕಿಚ್ಚು.

ಅವನ ಲೆಕ್ಕಾಚಾರ ಸರಳ. ಹಾಡು ಅವಳನ್ನು ಹಿಡಿದುಕೊಳ್ಳುತ್ತದೆ. ಅವಳು ಅದರಿಂದ ಹೊರಗೆ ಬರುವ ಮೊದಲೇ ಅವನ ದನಿ ಬರುತ್ತದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ.

"ಅಯ್ಯೋ, ಮೇಡಂ ಕೈಬರಹ!" ಎಂದಳು ಹಾಡು ಹಾಕುವ ಟೀಚರು, ಅವನು ಕೊಟ್ಟ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ. "ನೋಡಿ ಮೇಡಂ, ಯಾರ್ದಿದು?"

"ನಂದೇ." ಅವಳು ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಅಂಚನ್ನು ಬೆರಳಿನಿಂದ ಸವರಿ, "ಇದನ್ನ ಯಾರು ಅಂಟಿಸಿದ್ದು?" ಎಂದಳು.

ಅವಳು ನೋಡಿದ್ದು ಅವನನ್ನೇ.

"ಗೊತ್ತಿಲ್ಲ," ಎಂದ.

ಹಾಡು ಶುರುವಾಯಿತು. ಅವಳು ಎದ್ದು ನಿಂತಳು. ಸೊಂಟ ಅಲುಗಿತು, ನರೆತ ಜಡೆ ಅಲುಗಿತು. ಎದುರಿಗೆ ಪೆಚ್ಚುಪೆಚ್ಚಾಗಿ ಕೂತಿದ್ದವನ ಕೈ ಹಿಡಿದು ಸುತ್ತಿನ ನಡುವೆ ಎಳೆದಳು.

"ಬರಲ್ವಾ ನಿಮ್ಗೆ? ಸುಲಭ ರೀ. ಹೀಗೆ, ಮತ್ತೆ ಹೀಗೆ."

ಅವನು ಕುಣಿದ. ಐವತ್ತೆಂಟು ವರ್ಷದ, ಮಂಡಿ ನೋವಿನ, ಮುಂದಿನ ವರ್ಷ ಪ್ರಿನ್ಸಿಪಾಲ್ ಆಗಲಿದ್ದ ಮನುಷ್ಯ ಕರಡಿಯಂತೆ ಕುಣಿದ. ಅವಳು ನಕ್ಕಳು. ದೇವರೇ, ಎಷ್ಟು ಚೆನ್ನಾಗಿ ನಗುತ್ತಿದ್ದಳು. ಅವನಿಗೆ ಅಳು ಬಂತು.

ಟಕ್ ಎಂಬ ಸದ್ದು. ಹಾಡು ಸಾಲಿನ ನಡುವೆ ಕಡಿದುಹೋಯಿತು.

"ವಿದ್ಯಾರ್ಥಿಗಳೇ," ಎಂದಿತು ಅವನ ಇಪ್ಪತ್ತೆಂಟರ ದನಿ. "ಮೊದಲನೆಯ ಕಿತ್ತಳೆ ಹಣ್ಣು ಕೊಡುವ ತೃಪ್ತಿಯನ್ನು ಎರಡನೆಯದು ಕೊಡುವುದಿಲ್ಲ. ಮೂರನೆಯದು ಇನ್ನೂ ಕಡಿಮೆ."

ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದ. "ಕೇಳಿಸ್ತಾ? ಇದು ನಾನು ಕಣೆ. ನಾನೇ. ಗುರುತು ಸಿಕ್ತಾ?"

ಅವಳು ಕುಣಿತ ನಿಲ್ಲಿಸಿರಲೇ ಇಲ್ಲ. ಕಡಿದುಹೋದ ಸಾಲನ್ನು ಅಲ್ಲಿಂದಲೇ ಎತ್ತಿಕೊಂಡು ಹಾಡುತ್ತಿದ್ದಳು, ಒಂದಿಷ್ಟೂ ತಾಳ ತಪ್ಪದೆ. ಡಾಕ್ಟರು ತೊಡೆ ಬಡಿಯುತ್ತಿದ್ದರು. ಎಲ್ಲರೂ ಹಾಡುತ್ತಿದ್ದರು. ಅವನು ಅಳಿಸಿದ್ದು ಯಾರ ತಲೆಯಿಂದಲೂ ಅಳಿಸಿಹೋಗಿರಲಿಲ್ಲ.

ಕಿತ್ತಳೆ ಹಣ್ಣು ಐದಕ್ಕೆ ಬಂದಾಗ ಅವಳು ಹುಬ್ಬು ಗಂಟಿಕ್ಕಿ ಅವನ ಕಿವಿಯ ಬಳಿ ಬಾಗಿದಳು. ತುಂಬ ಸಂಕೋಚದಿಂದ, ತುಂಬ ಮರ್ಯಾದೆಯಿಂದ ಕೇಳಿದಳು:

"ಸ್ವಲ್ಪ ಆ ಮನುಷ್ಯನ್ನ ಸುಮ್ನಿರೋಕೆ ಹೇಳ್ತೀರಾ? ಹಾಡು ನಡೀತಾ ಇದೆ."

ಕೈ ಬಿಡಿಸಿಕೊಂಡಳು.

"ಆಫ್ ಮಾಡ್ಲಾ ಸರ್?" ಟೀಚರು ಬಟನ್ನಿನ ಮೇಲೆ ಬೆರಳಿಟ್ಟಿದ್ದಳು.

"ಬೇಡ. ಇನ್ನೊಂದೇ ನಿಮಿಷ."

"ಯಾರಿಗಾದರೂ ಸಂದೇಹವಿದೆಯೇ?" ಎಂದಿತು ದನಿ. ಇರದ ಹುಡುಗರು ಕೈಯೆತ್ತಲೆಂದು ಅವನು ಅಂದು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಈಗ ಆ ಖಾಲಿ ಜಾಗದಲ್ಲಿ ಎಂಟು ಕಂಠಗಳು ಪಲ್ಲವಿ ಹಾಡಿದವು.

"ನೀರು ಬೇಕಾ ಸರ್?" ಎಂದು ಟೀಚರು ಕೇಳಿದಾಗಲೇ ಅವನಿಗೆ ತಿಳಿದದ್ದು: ಸುತ್ತಿನ ನಡುವೆ ಒಬ್ಬನೇ ನಿಂತು ಅವನು ಕೈ ಎತ್ತಿದ್ದ.

"ಯಾರಿಗೂ ಇಲ್ಲ. ಸರಿ, ಮುಂದೆ ಹೋಗೋಣ," ಎಂದ ಟೇಪಿನಲ್ಲಿದ್ದವನು, ಮತ್ತು ಮುಂದೆ ಹೋದ.