ಕೆಂಪು ಚಿಂದಿಯ ಕಂಬ

"ಬೋಳಿಮಗನೆ, ಕಂಬಕ್ಕೆ ಪಟ್ಟಿ ಕಟ್ಟು ಅಂದ್ರೆ ನಂಗೇ ಬುದ್ಧಿ ಹೇಳ್ತೀಯಾ? ಇನ್ನೊಂದು ಮಾತಾಡಿದ್ರೆ ನಿನ್ನ ಬೆನ್ನಿಗೇ ಪಟ್ಟಿ ಕಟ್ಟಿಸ್ತೀನಿ!"

ಮದುವೆಗಳಿಗೆ ಡೇರೆ ಹಾಕಿಸುವ ಧಣಿ ಹೀಗೆ ಗದರಿದ್ದು ಕುರ್ಚಿಯಲ್ಲಿ ಕಾಲುಚಾಚಿ ಕೂತು. ಬೈಸಿಕೊಂಡವನು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಡೇರೆಯ ಕಂಬದ ಸೀಳಿಗೆ ತಗಡು ಸುತ್ತಿ ಮೊಳೆ ಹೊಡೆಯುತ್ತಿದ್ದ. ಮುರಿದ ಕಂಬಗಳಿಗೆಲ್ಲ ಪಟ್ಟಿ ಕಟ್ಟುವವನಾದ್ದರಿಂದ ಜೊತೆಯ ಆಳುಗಳು ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಧಣಿಗಂತೂ ಅವನು ಬರೀ 'ಲೇ'.

"ಧಣಿ, ಕಟ್ಟಿದ್ರೂ ಇದು ನಿಲ್ಲಲ್ಲ. ಸೀಳು ಒಳಗೊಳಗೇ ಬುಡದ ತನಕ ಇಳಿದಿದೆ. ಗೋದಾಮಲ್ಲಿ ಹೊಸ ಕಂಬ ಬಿದ್ದಿವೆ, ಒಂದು ಕೊಡಿ."

"ಇದೇ ಗಟ್ಟಿಯಾಗಿದೆ. ಚಿಂದಿ ಕಟ್ಟಿ ಅಡುಗೆ ಡೇರೆಗೆ ಹಾಕು. ಅಲ್ಲಿರೋರೇನು ಮಹಾರಾಣಿಯರಾ?"

ಅದು ಅಲ್ಲಿನ ರೂಢಿ. ಪಟ್ಟಿ ಬಿದ್ದ ಕಂಬಕ್ಕೆ ಕೆಂಪು ಚಿಂದಿ. ಚಿಂದಿಯ ಕಂಬ ಅಡುಗೆ ಡೇರೆಗೆ. ನೆಂಟರು ಕೂರುವ ದೊಡ್ಡ ಡೇರೆಗೆ ಮಾತ್ರ ಸರಿಯಾದ ಕಂಬಗಳು, ಅವಕ್ಕೆ ಮೇಲಿಂದ ಕೆಳಗೆ ಮಿರುಗುವ ಬಟ್ಟೆ. ಹೋದ ಸಲ ಚಿಂದಿಯ ಕಂಬವೊಂದು ಕುದಿನೀರಿನ ಹಂಡೆಯ ಮೇಲೆ ಬಿತ್ತು. ಹಂಡೆಯ ಪಕ್ಕ ಡಾಕ್ಟ್ರ ಹೆಂಡತಿಯಿದ್ದಳು. "ಕಣ್ಣೆಲ್ಲಿಟ್ಟಿದ್ಲು?" ಎಂದು ಧಣಿ ಕೇಳಿದ್ದ, ಅಷ್ಟೇ. ಅವಳ ಎಡಗೈ ಆಮೇಲೆ ನೆಟ್ಟಗಾಗಲೇ ಇಲ್ಲ.

ಇವತ್ತು ಅವಳು ಮತ್ತೆ ಕೆಲಸಕ್ಕೆ ಬಂದಿದ್ದಳು. ಗಂಡನಿಗೆ ನೀರು ತಂದವಳು ಚಿಂದಿಯನ್ನೇ ನೋಡಿದಳು.

"ಇದೂ ನಮ್ಮ ತಲೆ ಮೇಲೇನಾ?"

ಅವನು ತಗಡಿಗೆ ಇನ್ನೊಂದು ಮೊಳೆ ಹೊಡೆದ.

"ಹೋಗ್ಲಿ ಬಿಡ್ರೀ. ಬಾಯಿಬಿಟ್ರೆ ಇರೋ ಕೆಲಸಾನೂ ಹೋಗುತ್ತೆ. ನಾನು ಒಂದು ಕಣ್ಣು ಮೇಲಿಟ್ಕೊಂಡೇ ಪಾತ್ರೆ ತಿಕ್ತೀನಿ."

ಅವಳು ಸಮಾಧಾನಕ್ಕೆಂದು ಹೇಳಿದ ಆ ಮಾತು ಅವನ ಎದೆಗೇ ಚುಚ್ಚಿತು. ಅವನಿಗೆ ಸಾಕಾಗಿಹೋಗಿತ್ತು. ಬೈಸಿಕೊಂಡು ಸಾಕಾಗಿತ್ತು, ತಲೆಯಾಡಿಸಿ ಸಾಕಾಗಿತ್ತು. ಎಲ್ಲಕ್ಕಿಂತ, ನಿಲ್ಲದ ಕಂಬವನ್ನು ನಿಲ್ಲುವಂತೆ ಕಾಣಿಸುವ ತನ್ನ ಕೈಗಳೇ ಅವನಿಗೆ ಬೇಸರ ಹುಟ್ಟಿಸಿದ್ದವು. ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕಲ್ಲ. ಧಣಿ ಊಟಕ್ಕೆದ್ದ ಮೇಲೆ ಅವನು ಚಿಂದಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕಂಬಕ್ಕೆ ಮಿರುಗುವ ಬಟ್ಟೆ ಸುತ್ತಿದ. ಆಳುಗಳು ನೋಡಿದರು, ನೋಡಿಯೇ ಅದನ್ನು ಹೊತ್ತೊಯ್ದು ದೊಡ್ಡ ಡೇರೆಯ ನಡುವೆ ನಿಲ್ಲಿಸಿದರು. ಅಲ್ಲಿಗೆಂದಿದ್ದ ಗಟ್ಟಿ ಕಂಬವೊಂದು ಅಡುಗೆ ಡೇರೆಗೆ ಹೋಯಿತು.

ಸಂಜೆ ಗಾಳಿ ಎದ್ದಿತು. ಧಣಿ ಅದೇ ಕಂಬಕ್ಕೆ ಒರಗಿ ನಿಂತು, ಫೋನಿನಲ್ಲಿ ಯಾರಿಗೋ ತನ್ನ ಡೇರೆಯ ಬಡಾಯಿ ಕೊಚ್ಚುತ್ತಿದ್ದ. ಬೆನ್ನ ಹಿಂದೆ ಕಿರ್ರೆಂದಿತು.

"ಏನಲೇ ಅದು ಸದ್ದು?"

"ನೀವು ಗಟ್ಟಿ ಅಂದ್ರಲ್ಲ, ಆ ಕಂಬ," ಎಂದ ಎದುರಿಗಿದ್ದ ಡಾಕ್ಟ್ರು.

ಧಣಿ ಬಟ್ಟೆ ಸರಿಸಿ ತಗಡು ನೋಡಿದ. ಮೇಲೆ ಡೇರೆ ಉಬ್ಬಿ ಪಟಪಟನೆ ಬಡಿಯಿತು. ಬಿಟ್ಟು ಓಡಿದರೆ ಎಲ್ಲ ತನ್ನ ತಲೆಯ ಮೇಲೇ ಬರುತ್ತದೆಂದು ಹೆದರಿ ಎರಡೂ ಕೈಗಳಿಂದ ಕಂಬವನ್ನು ತಬ್ಬಿಕೊಂಡ. ಹೊರಗೆ ನೆಂಟರ ಕಾರುಗಳು ಬಂದು ನಿಂತವು. ಡಾಕ್ಟ್ರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ಸೊಟ್ಟ ಕೈಯನ್ನು ಚಾಚಿದ್ದಳು. "ಒಳಗೆ ಬರಬೇಡ್ರಪ್ಪಾ, ಕಂಬ ಮುರಿದಿದೆ."

"ಬಂದು ಹಿಡ್ಕೊಳ್ರಲೇ, ಸೂಳೆಮಕ್ಕಳಾ!" ಧಣಿ ಕಿರುಚಿದ.

ಆಳುಗಳು ಕೈಕಟ್ಟಿ ನಿಂತಿದ್ದರು.

"ಅಣ್ಣಾ... ಏನಾದ್ರೂ ಮಾಡೋ ಅಣ್ಣಾ."

ಧಣಿಯ ಬಾಯಲ್ಲಿ ಆ ಮಾತು ಇದೇ ಮೊದಲು. ಡಾಕ್ಟ್ರಿಗೆ ಖುಷಿಯೇನೂ ಆಗಲಿಲ್ಲ. ಒಮ್ಮೆ ಮನೆಗೆ ಹೋಗಿ ಮಲಗಿದರೆ ಸಾಕಿತ್ತು ಅವನಿಗೆ.

"ಕಂಬ ಬದಲಾಯಿಸ್ಬೇಕು. ಇದೂ, ಅಡುಗೆ ಡೇರೆಯವೂ, ಎಲ್ಲಾ. ಗೋದಾಮಿನ ಬೀಗದ ಕೈ ನಿಮ್ಮ ಸೊಂಟದಲ್ಲಿದೆ."

"ನೀನೇ ತಗೊಳ್ಳೋ!"

"ನಿಮ್ಮ ಸೊಂಟಕ್ಕೆ ಕೈಹಾಕಿದ್ರೆ ನಾಳೆ ಕಳ್ಳ ಅಂತೀರಿ. ನೀವೇ ಕೊಡಿ."

ಧಣಿಯ ಬಲಗೈ ಕಂಬದಿಂದ ಸ್ವಲ್ಪ ಸಡಿಲಿತು. ಕಂಬ ಮತ್ತೆ ಕಿರ್ರೆಂದಿತು. ಕೈ ಹಿಂದಕ್ಕೆ ಹೋಗಿ ಕಂಬವನ್ನೇ ಅವುಚಿಕೊಂಡಿತು.

ಡಾಕ್ಟ್ರು ಅಂಗೈ ಚಾಚಿಕೊಂಡು ಹಾಗೇ ನಿಂತ.