ಹೂಂ ಅಂದ್ರೆ ಹೌದಲ್ಲ

ಪೈಲಟ್ ಸರ್ವೆ ಮಾಡೋರು ಬರ್ತಾರಂತೆ ಅಂತ ಸೊರಬದ ಆರೋಗ್ಯ ಸಹಾಯಕಿಯರ ತರಬೇತಿ ಕೇಂದ್ರದಲ್ಲಿ ಸುದ್ದಿಯಾದಾಗ ವಸಂತ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆಕಾಶ ನೋಡಿದಳು.

"ವಿಮಾನ ಎಲ್ಲಿ ಇಳಿಸ್ತಾರೇ ಮಾರಾಯ್ತಿ? ಬಸ್‌ಸ್ಟ್ಯಾಂಡಲ್ಲಿ ಬಸ್ಸಿಗೇ ಜಾಗ ಇಲ್ಲ!"

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಮೈತ್ರಿಗೆ ಮಾತ್ರ ನಗು ಬರಲಿಲ್ಲ. ಉಳವಿಯಲ್ಲಿ ಗದ್ದೆ ಮಾಡಿಕೊಂಡಿದ್ದ ಅವಳ ಅಪ್ಪ ಗುತ್ಯಪ್ಪನಿಗೆ ಗೊತ್ತಿದ್ದ ಸರ್ವೆ ಒಂದೇ, ಜಮೀನು ಅಳೆಯುವುದು. ಯಾವುದೋ ಸರ್ವೆ ಆಗ್ತದಂತೆ ಅಂತ ಹಿಂದಿನ ಭಾನುವಾರವೇ ಊರಿಗೆ ಹೋದಾಗ ಮಗಳು ಹೇಳಿದ್ದನ್ನು ಕೇಳಿ ಅವನು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, "ಹುಷಾರು ಮಗಾ. ಸರಪಳಿ ಹಿಡಿದವನು ಯಾರ ಬೇಲಿ ಕಡೆ ವಾಲ್ತಾನೆ ಅಂತ ನೋಡ್ಕೊಂಡಿರು" ಅಂದಿದ್ದ.

ವಾಲುವುದಕ್ಕೆ ಇಲ್ಲೂ ಬೇಲಿ ಇತ್ತು. ತೊಂಬತ್ತೆಂಟನೆಯ ಇಸವಿ. ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಕೇಂದ್ರ ನಡೆಸುತ್ತಿದ್ದ ಸಂಸ್ಥೆಯವರು ಆ ವರ್ಷ ಎರಡೂ ಕಡೆ ಮಾಡಿನ ಮೇಲೆ ದೊಡ್ಡ ಕೊಡೆ ಮಗುಚಿಟ್ಟ ಹಾಗೆ ಡಿಶ್ ಕೂರಿಸಿದ್ದರು. ಬೆಂಗಳೂರಿನಿಂದ ಒಬ್ಬ ಡಾಕ್ಟರ್ ಮೇಡಂ ಟಿವಿಯೊಳಗೆ ಬಂದು ಹೆರಿಗೆಯ ಪಾಠ ಹೇಳುತ್ತಿದ್ದರು. ಪಾಠ ಮುಗಿದ ಮೇಲೆ ಫೋನು. ಇಲ್ಲಿಂದ ಆಡಿದ ಮಾತು ಬೆಂಗಳೂರಿಗೆ ಹೋಗಿ ತಿರುಗಿ ಟಿವಿಯಲ್ಲೇ ಕೇಳಿಸುತ್ತಿತ್ತು, ಎರಡೂ ಊರಿಗೆ. ಮೇಡಂ ಇವರಿಗೆ ಕಾಣುತ್ತಿದ್ದರು. ಇವರು ಮೇಡಂಗೆ ಕಾಣುತ್ತಿರಲಿಲ್ಲ.

ಇದರ ಜೊತೆಗೆ ವಾರಕ್ಕೊಂದು ದಿನ, ಗುರುವಾರ, ಕೇಂದ್ರದಲ್ಲಿ ಇದಕ್ಕೆಂದೇ ಇದ್ದ ನರ್ಸ್ ರಾಜೇಶ್ವರಮ್ಮ ಸಿಸ್ಟರ್ ಸರದಿ ಪ್ರಕಾರ ಇಬ್ಬಿಬ್ಬರು ಹುಡುಗಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅವತ್ತು ಬಸುರಿಯರು ತಪಾಸಣೆಗೆ ಬರುವ ದಿನ. ಈಗ ಸಂಸ್ಥೆಯ ದೊಡ್ಡವರ ತಲೆಗೆ ಒಂದು ವಿಚಾರ ಹೊಕ್ಕಿತ್ತು. ಟಿವಿಯಲ್ಲೇ ಎಲ್ಲ ತೋರಿಸುವಾಗ ಗುರುವಾರ ಯಾಕೆ ಬೇಕು? ವಿದ್ಯಾರ್ಥಿನಿಯರನ್ನೇ ಕೇಳೋಣ, ಅವರು ಸಾಕು ಅಂದರೆ ಸಾಕು. ಅದಕ್ಕೇ ಈ ಸರ್ವೆ.

ಮೈತ್ರಿಗೆ ಗುರುವಾರದ ಸರದಿ ಒಂದೇ ಸಲ ಬಂದಿತ್ತು. ಕುಪ್ಪಗಡ್ಡೆಯ ಲೋಕಮ್ಮ ಎಂಬಾಕೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಅವಳು ಕಲ್ಲಿನ ಹಾಗೆ ನಿಂತುಬಿಟ್ಟಿದ್ದಳು. ಮಗುವಿನ ತಲೆ ಯಾವುದು, ಕುಂಡೆ ಯಾವುದು ಒಂದೂ ತಿಳಿಯದು. ಸಿಸ್ಟರ್ ಅವಳ ಕೈ ಮೇಲೆ ತಮ್ಮ ಕೈ ಇಟ್ಟು ಒತ್ತಿ, "ಇಲ್ಲಿ ನೋಡು, ಗುಂಡಗೆ ಗಟ್ಟಿಯಾಗಿ ಸಿಗ್ತಲ್ಲ, ಅಲ್ಲಾಡಿಸಿದ್ರೆ ಅಲ್ಲಾಡ್ತದೆ, ಅದು ತಲೆ" ಅಂದಿದ್ದರು. ಸಿಕ್ಕ ಹಾಗಾಯಿತು, ಮತ್ತೆ ಜಾರಿತು. ಲೋಕಮ್ಮನೇ ನಕ್ಕು, "ಹೆದರಬ್ಯಾಡ ಕಣೆ ತಂಗಿ, ಒಳಗಿಂದ ಕಚ್ಚಲ್ಲ ಅದು" ಅಂದಿದ್ದಳು. ಮುಂದಿನ ವರ್ಷ ಕ್ಯಾಸನೂರಿನ ಕಡೆ ಯಾವುದೋ ಉಪಕೇಂದ್ರಕ್ಕೆ ಹಾಕಿದರೆ, ಕೊನೆಯ ಬಸ್ಸು ಹೋದ ಮೇಲೆ ಒಬ್ಬ ಬಸುರಿ, ಇವಳೊಬ್ಬಳು. ಅಷ್ಟೇ. ಆಗ ಟಿವಿಯನ್ನು ಕೇಳುವುದಕ್ಕೆ ಆಗುತ್ತದೆಯೇ?

ಸರ್ವೆಗೆ ಬಂದವನು ಶಿಕಾರಿಪುರದ ಚಂದ್ರಶೇಖರ್. ಸಂಸ್ಥೆಯೇ ನೇಮಿಸಿಕೊಂಡ ಹುಡುಗ, ಹೊಸದಾಗಿ ಎಂ.ಎ. ಮುಗಿಸಿದವನು, ಮಾತಿನಲ್ಲಿ ಮರ್ಯಾದಸ್ಥ. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಹಾಳೆ ನೋಡಿ ಓದಿದ. ಮೈತ್ರಿಯ ಸರದಿ ಬಂತು.

"ದೃಶ್ಯಶ್ರವ್ಯ ಮಾಧ್ಯಮದ ಮೂಲಕ ಪ್ರಸಾರವಾಗುವ ಬೋಧನೆಯು ತಮ್ಮ ವಿಷಯಗ್ರಹಣಕ್ಕೆ ಪೂರಕವಾಗಿದೆ."

"ಹೂಂ," ಅಂದಳು ಮೈತ್ರಿ. ಸರಿ, ಮುಂದೇನು ಅಂತ.

ಅವನು ಹಾಳೆಯ ಮೇಲೆ ಏನೋ ಗುರುತು ಹಾಕಿ ಮುಂದಿನದಕ್ಕೆ ಹೋದ. ಅವನು ಓದಿದ, ಇವಳು ಹೂಂಗುಟ್ಟಿದಳು. ದೊಡ್ಡವರು ಮಾತಾಡುವಾಗ ಹೂಂಗುಟ್ಟದೆ ಕೂತರೆ ಕೇಳ್ತಿದೀಯೋ ನಿದ್ದೆ ಮಾಡ್ತಿದೀಯೋ ಅಂತ ಬೈಸಿಕೊಂಡು ಬೆಳೆದ ಹುಡುಗಿ ಅವಳು. ಎಲ್ಲ ಓದಿ ಆದ ಮೇಲೆ ಈಗ ನಿಮ್ಮ ಅಭಿಪ್ರಾಯ ಹೇಳಿ ಅಂತಾನೆ, ಆಗ ಗುರುವಾರದ ಮಾತು ಎತ್ತೋಣ ಅಂತ ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. "ಸದರಿ ಬೋಧನೆಯು ಪ್ರಾಯೋಗಿಕ ತರಬೇತಿಗೆ ಪರ್ಯಾಯವಾಗಬಲ್ಲದು" ಎಂಬುದಕ್ಕೂ ಅದೇ ಧ್ಯಾನದಲ್ಲಿ ಹೂಂ ಅಂದಳು. ಅವನು, "ಆತು, ಮುಂದಿನೋರನ್ನ ಕಳಿಸ್ರಿ" ಅಂದ.

ಎಲ್ಲರದೂ ಮುಗಿದ ಮೇಲೆ ಹಾಳೆಗಳನ್ನು ತಟ್ಟಿ ಅಂಚು ಸರಿ ಮಾಡುತ್ತಾ ಅವನು ನಗುನಗುತ್ತಾ ಹೇಳಿದ: "ಬಾಳ ಸಲೀಸಾಗಿ ಆತ್ರಿ. ಶಿಕಾರಿಪುರದಾಗೂ ಹಿಂಗೇ. ಎಲ್ಲಾದಕ್ಕೂ ಎಲ್ಲಾರೂ ಹೌದು. ಇನ್ನು ಗುರುವಾರ ಆಸ್ಪತ್ರೆಗೆ ಅಲೆಯೋ ತಾಪತ್ರಯ ತಪ್ತು ನಿಮಗೆ."

ಮೈತ್ರಿಗೆ ಕಿವಿ ಬಿಸಿಯಾಯಿತು. ಎದ್ದು ಮುಂದೆ ಬಂದಳು.

"ನಾವು ಯಾವಾಗ್ರೀ ಹೌದು ಅಂದಿದ್ದು?"

"ಈಗ್ಲೇ ಹೂಂ ಅಂದ್ರಲ್ರೀ."

"ಹೂಂ ಅಂದೆ. ಹೌದು ಅನ್ನಲಿಲ್ಲ."

"ಎರಡಕ್ಕೂ ಏನ್ರೀ ಫರಕು?"

"ಮನೇಲಿ ನಿಮ್ಮಮ್ಮ ಬೈತಾ ಇದ್ರೆ ನೀವು ಹೂಂ ಹೂಂ ಅನ್ನಲ್ವಾ? ಬೈದಿದ್ದೆಲ್ಲ ನಿಜ ಅಂತ ಒಪ್ಪಿಕೊಂಡ ಹಾಗಾ?"

ಹಿಂದಿನಿಂದ ಕಿಸಕ್ಕೆಂದು ನಗು ಬಂತು. ಚಂದ್ರಶೇಖರನ ಮುಖ ಕೆಂಪಾಯಿತು. "ನೋಡ್ರಿ, ಇದು ಪೈಲಟ್ ಅಷ್ಟೇ. ಪ್ರಶ್ನೆ ಸರಿ ಅದಾವೋ ಇಲ್ಲೋ ಅಂತ ಮೊದಲು ಹಿಂಗೆ ಪರೀಕ್ಷೆ ಮಾಡ್ತೀವಿ."

"ಹಾಗಾದ್ರೆ ಸರಿ ಇಲ್ಲ ಅಂತ ಬರ್ಕೊಳ್ಳಿ."

"ಸರಿ ಇಲ್ಲ ಅಂತ ಹೆಂಗ್ರೀ ಬರೀಲಿ? ಎಲ್ಲಾರೂ ಉತ್ತರ ಕೊಟ್ಟೀರಲ್ಲ!"

"ಬರೀ ಪರೀಕ್ಷೆ ಅಂದ್ರೆ ಗುರುವಾರ ಯಾಕ್ರೀ ನಿಲ್ಲಿಸ್ತೀರಿ?"

"ಅದು ಮ್ಯಾಲಿನೋರಿಗೆ ಬಿಟ್ಟಿದ್ದು. ನಾನು ಕೇಳಿದೆ, ಬರಕೊಂಡೆ."

ಕೇಳಿದನಂತೆ! ಮೈತ್ರಿಗೆ ಸಿಟ್ಟಿನಿಂದ ಕಣ್ಣು ತುಂಬಿ ಬಂದು, ಅಳ್ತಿದಾಳೆ ಅಂದುಕೊಳ್ಳುತ್ತಾನಲ್ಲ ಅಂತ ಇನ್ನೂ ಸಿಟ್ಟು ಬಂತು. ಬಾಗಿಲಲ್ಲಿ ನಿಂತಿದ್ದ ರಾಜೇಶ್ವರಮ್ಮನ ಕಡೆ ನೋಡಿದಳು. ಅವರು ಊಟದ ಗಂಟೆ ಹೊಡೆಯಲು ಹೋದರು. ಊಟದ ಹೊತ್ತಿನಲ್ಲಿ ಅವಳೇ ಹೋಗಿ, "ನೀವಾದ್ರೂ ಒಂದು ಮಾತು ಹೇಳಬಾರದಾಗಿತ್ತಾ ಸಿಸ್ಟರ್?" ಅಂತ ಕೇಳಿಯೇ ಬಿಟ್ಟಳು.

"ನಾನು ಹೇಳಿದ್ರೆ ಕೆಲಸ ಉಳಿಸಿಕೊಳ್ಳಕ್ಕೆ ಹೇಳ್ತಾಳೆ ಅಂತಾರೆ ಕಣೆ," ಅಂದರು ಸಿಸ್ಟರ್. "ನೀನು ಹೇಳಿದ್ರೆ ಹಾಗನ್ನಕ್ಕಾಗಲ್ಲ. ಅರ್ಧಕ್ಕೆ ಬಿಡಬೇಡ."

ಮಧ್ಯಾಹ್ನದ ಪಾಠಕ್ಕೆ ಮುಂಚೆ ಮೈತ್ರಿ ಹುಡುಗಿಯರನ್ನೆಲ್ಲ ನೀರಿನ ತೊಟ್ಟಿಯ ಹತ್ತಿರ ಸೇರಿಸಿದಳು. "ಇವತ್ತು ಮೇಡಂ ಅರ್ಥ ಆಯ್ತಾ ಅಂತ ಕೇಳಿದಾಗ ಯಾರೂ ಹೂಂ ಅನ್ನಕೂಡದು."

"ಅಯ್ಯೋ, ಪಾಪ, ಅವರೇನು ಮಾಡಿದ್ರೇ?" ಅಂದಳು ವಸಂತ.

"ನಮ್ಮ ಹೂಂ ನಂಬಿಕೊಂಡು ಅವರೂ ಮೋಸ ಹೋಗ್ತಿದ್ದಾರೆ."

ಅವತ್ತಿನ ಪಾಠ ಕಾಲು ಮುಂದಾಗಿ ಬರುವ ಮಗುವಿನದು. ಮೇಡಂ ಬಟ್ಟೆಯ ಗೊಂಬೆಯೊಂದನ್ನು ಆಚೆ ಈಚೆ ತಿರುಗಿಸಿ ತೋರಿಸಿದರು. ಚೆನ್ನಾಗಿಯೇ ಹೇಳಿದರು. ಚಂದ್ರಶೇಖರನೂ ಹಿಂದಿನ ಬೆಂಚಿನಲ್ಲಿ ಕೂತು ತಲೆದೂಗುತ್ತಾ ಕೇಳಿದ. ಹೂಂ ಅನ್ನದೆ ಪಾಠ ಕೇಳುವುದು ಎಷ್ಟು ಕಷ್ಟ ಅಂತ ಹುಡುಗಿಯರಿಗೆ ಆಗಲೇ ಗೊತ್ತಾದದ್ದು. ವಸಂತ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಪಾಠ ಮುಗಿಯಿತು. ಸಿಸ್ಟರ್ ಫೋನು ಹಚ್ಚಿ ರಿಸೀವರ್ ಮೇಜಿನ ಮೇಲೆ ಇಟ್ಟರು.

"ಶಿಕಾರಿಪುರ ಕೇಂದ್ರ, ಅರ್ಥ ಆಯ್ತೇನಮ್ಮಾ?"

"ಹೂಂ ಮೇಡಂ!" ಅಂತ ಟಿವಿಯೊಳಗಿಂದ ಒಂದೇ ರಾಗದಲ್ಲಿ ಬಂತು.

"ಸೊರಬ?"

ಯಾರೂ ಉಸಿರೆತ್ತಲಿಲ್ಲ.

"ಸೊರಬ? ಲೈನ್ ಹೋಯ್ತಾ?"

"ಹೂಂ ಅನ್ರೀ, ಹೂಂ ಅನ್ರೀ!" ಅಂತ ಚಂದ್ರಶೇಖರ್ ಹಿಂದಿನಿಂದ ಪಿಸುಗುಟ್ಟಿದ.

ಮೈತ್ರಿ ಎದ್ದು ಹೋಗಿ ರಿಸೀವರ್ ಎತ್ತಿಕೊಂಡಳು. "ಲೈನ್ ಇದೆ ಮೇಡಂ. ನೀವು ಹೇಳಿದ್ದೆಲ್ಲ ಕೇಳಿಸ್ತು. ಅರ್ಥ ಆಗಿಲ್ಲ."

"ಯಾವ ಭಾಗ ಅರ್ಥ ಆಗಿಲ್ಲಮ್ಮ?"

"ಕಣ್ಣಿಗೆ ಅರ್ಥ ಆಯ್ತು ಮೇಡಂ. ಕೈಗೆ ಆಗಿಲ್ಲ."

ಟಿವಿಯಲ್ಲಿ ಮೇಡಂ ಗೊಂಬೆ ಕೆಳಗಿಟ್ಟರು. "ಮತ್ತೆ ಇಷ್ಟು ದಿನ ಹೂಂ ಅಂತಿದ್ರಲ್ಲಾ?"

"ನೀವೊಬ್ಬರೇ ಮಾತಾಡ್ತಿದ್ರಿ. ಕೇಳ್ತಾ ಇದೀವಿ ಅಂತ ನಿಮಗೆ ತಿಳೀಲಿ ಅಂತ ಅಂದ್ವಿ. ಇವತ್ತು ಬೆಳಿಗ್ಗೆ ಸರ್ವೆಯವರಿಗೂ ಹಾಗೇ ಹೂಂ ಅಂದ್ವಿ. ಅದನ್ನೇ ಹಿಡ್ಕೊಂಡು ಅವರು, ಟಿವಿ ಪಾಠ ಇದ್ರೆ ಆಸ್ಪತ್ರೆ ಬೇಡ ಅಂತ ನಾವೇ ಒಪ್ಪಿದ್ವಿ ಅಂತ ಬರ್ಕೊಂಡಿದ್ದಾರೆ. ಗುರುವಾರ ನಿಲ್ಲಿಸ್ತಾರಂತೆ. ನಾಳೆ ಕಾಲು ಮುಂದಾದ ಮಗು ಬಂದ್ರೆ ಆ ತಾಯಿಗೆ ನಾನು ಏನು ಹೇಳಲಿ ಮೇಡಂ? ಗೊಂಬೆ ನೋಡಿದೀನಿ ಅಂತ ಹೇಳಲಾ?"

ಅಷ್ಟರಲ್ಲಿ ಟಿವಿಯೊಳಗೆ ಶಿಕಾರಿಪುರದ ದನಿಯೊಂದು ನುಗ್ಗಿತು. "ಮೇಡಮ್ಮಾರ, ನಮಗೂ ಅರ್ಥ ಆಗಿಲ್ರೀ! ನಮ್ಮನ್ನೂ ಹಂಗೇ ಬರಕೊಂಡು ಹೋಗ್ಯಾರ!"

ಮೇಡಂ ಮುಖ ಬಿಗಿಯಾಯಿತು. "ನನ್ನ ಪಾಠ ಆಸ್ಪತ್ರೆಗೆ ಬದಲಿ ಅಂತ ಯಾರು ಹೇಳಿದ್ದು? ಆ ಸರ್ವೆಯವರು ಅಲ್ಲೇ ಇದ್ರೆ ಫೋನ್ ಕೊಡಿ."

ಚಂದ್ರಶೇಖರ್ ಬಂದು ರಿಸೀವರ್ ಹಿಡಿದ. ಮೇಡಂ ಟಿವಿಯಲ್ಲಿ, ಎರಡು ಊರಿನ ಹುಡುಗಿಯರ ಎದುರಿಗೆ, ಒಂದೊಂದೇ ಮಾತು ಅಳೆದು ಹೇಳಿದರು. ಪ್ರಶ್ನೆಗಳನ್ನು ಆಡುವ ಮಾತಿನಲ್ಲಿ ಬರೆದು ಮತ್ತೆ ಕೇಳಬೇಕು. ಹಳೆಯ ಹಾಳೆ ಯಾರಿಗೂ ಕಳಿಸಕೂಡದು. ಗುರುವಾರ ನಿಂತರೆ ಶುಕ್ರವಾರದಿಂದ ಟಿವಿಯಲ್ಲಿ ತಾವೂ ಇರುವುದಿಲ್ಲ ಅಂತ ಸಂಸ್ಥೆಯವರಿಗೆ ತಿಳಿಸಬೇಕು.

"ಹೂಂ ಮೇಡಂ. ಹೂಂ. ಹೂಂ ಮೇಡಂ," ಅಂದ ಅವನು. ಅವನ ಹೂಂ ಒಂದು ಗಳಿಗೆ ತಡವಾಗಿ ಟಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು.

ಅವನು ಫೋನು ಇಟ್ಟ ಮೇಲೆ ಮೈತ್ರಿ ದಾರಿ ಬಿಡಲಿಲ್ಲ. "ಒಪ್ಪಿಕೊಂಡ್ರಾ, ಬರೀ ಕೇಳಿಸಿಕೊಂಡ್ರಾ?"

ಅವನು ಒಂದು ಸಲ ಅವಳನ್ನು ನೋಡಿ, ಕೂತು, ಹೊಸ ಹಾಳೆ ತೆಗೆದ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಆಮೇಲೆ ತಲೆಯೆತ್ತದೆ ಕೇಳಿದ: "ಟಿವಿ ಒಂದೇ ನೋಡಿ ಬಸುರಿ ಹೊಟ್ಟೆ ಮ್ಯಾಲೆ ಕೈ ಇಟ್ಟು ಮಗು ಹೆಂಗದ ಅಂತ ಹೇಳೋಕೆ ನಿಮಗೆ ಬರುತ್ತೇನ್ರೀ?"

"ಬರಲ್ಲ," ಅಂದಳು ಮೈತ್ರಿ.

ಅವನು ಬರೆದುಕೊಂಡ. ಅವಳು ಬಗ್ಗಿ, ಬರೆದದ್ದನ್ನು ಕೊನೆಯ ಅಕ್ಷರದವರೆಗೆ ಓದಿ ನೋಡಿಯೇ ವಸಂತಳಿಗೆ ಜಾಗ ಬಿಟ್ಟಳು.