ಮಹರಿನ ಕೋಣೆ

ನಿಮಗೆ ಮನೆ ಇದೆಯೇ ಎಂದು ಕೇಳಿದರೆ ತಲೆ ನೆಟ್ಟಗಿರುವ ಯಾರಾದರೂ ಹೌದು ಅಥವಾ ಇಲ್ಲ ಎನ್ನುತ್ತಾರೆ. ಮಹಜಬೀನ್ ಮಾತ್ರ ಒಂದು ವಾರದಿಂದ ಆ ಎರಡರ ನಡುವೆ ಸಿಕ್ಕಿ ಒದ್ದಾಡುತ್ತಿದ್ದಳು.

ಹೈದರಾಬಾದಿನಲ್ಲಿ ಅವಳು ಶಾಲೆಯ ಟೀಚರು, ಗಂಡ ಸೋಹೇಲ ಔಷಧಿ ಅಂಗಡಿಯಲ್ಲಿ ನೌಕರ. ಬಡವರಿಗೆಂದು ಸರ್ಕಾರ ಕೊಡುವ ಮನೆ ಕೇಳಹೋದರೆ ನಿಮಗೆ ಸಂಬಳವಿದೆ ಎಂದು ಅಟ್ಟುತ್ತಿದ್ದರು. ಬಿಲ್ಡರುಗಳೋ, ಆ ಸಂಬಳ ಎಷ್ಟೆಂದು ಕೇಳಿದ ಮೇಲೆ ತರಿಸಿದ ಚಹಾವನ್ನೂ ಮರೆತುಬಿಡುತ್ತಿದ್ದರು. ಬಾಡಿಗೆ ಮನೆಯ ಮಾಲೀಕರು ರಂಜಾನಿನೊಳಗೆ ಖಾಲಿ ಮಾಡಿ ಎಂದಿದ್ದರು. ಅಂಥ ಹೊತ್ತಿನಲ್ಲಿ, ಮಧ್ಯಮ ವರ್ಗದವರಿಗೆಂದೇ ಸರ್ಕಾರ ರಿಯಾಯಿತಿ ದರದಲ್ಲಿ ಕಟ್ಟಿಸಿದ ಫ್ಲ್ಯಾಟುಗಳ ಲಾಟರಿಯಲ್ಲಿ ಇವರ ಹೆಸರು ಎದ್ದಿತು. ಷರತ್ತು ಒಂದೇ: ಗಂಡ ಹೆಂಡತಿ ಇಬ್ಬರಿಗೂ ದೇಶದಲ್ಲಿ ಎಲ್ಲಿಯೂ ಮನೆ ಇರಕೂಡದು. ಸೋಹೇಲ ಹಿಂದುಮುಂದು ನೋಡದೆ ಇಲ್ಲ ಎಂದ. ಮಹಜಬೀನಳಿಗೆ ಆಗ ತನ್ನ ಮಹರು ನೆನಪಾಯಿತು.

ನಿಕಾಹದಲ್ಲಿ ಹೆಂಡತಿಗೆ ಸಲ್ಲಬೇಕಾದ ಮಹರನ್ನು ಎಲ್ಲರೂ ದುಡ್ಡಿನಲ್ಲೋ ಬಂಗಾರದಲ್ಲೋ ಹೇಳುತ್ತಾರೆ. ಮಾವ ಲಾಲ್ ಅಹ್ಮದ್ ಮಾತ್ರ ಬಸವಕಲ್ಯಾಣದ ಮನೆಯ ಅಂಗಳದಾಚೆಯ ಕೋಣೆಯನ್ನೇ ಮಗನ ಪರವಾಗಿ ಬರೆಸಿದ್ದರು. ಖಾಜಿ ಅದನ್ನು ಜಮಾತಿನ ಜನರೆದುರು ಗಟ್ಟಿಯಾಗಿ ಓದಿದ್ದರು. ನೋಂದಣಿ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಫ್ಲ್ಯಾಟಿನ ಕಚೇರಿಯವನನ್ನು ಕೇಳಿದರೆ, ನಿಮ್ಮದಾದರೆ ಫ್ಲ್ಯಾಟು ಸಿಗದು, ನಿಮ್ಮದಲ್ಲದಿದ್ದರೆ ಅಲ್ಲವೆಂದು ಬರೆದುಕೊಡಿ ಎಂದ. ಅವಳು ಕೇಳಿದ್ದೂ ಅದನ್ನೇ ಅಲ್ಲವೇ?

ಶನಿವಾರ ಬಸವಕಲ್ಯಾಣಕ್ಕೆ ಹೊರಟವಳು ದಾರಿಯಲ್ಲಿ ಹುಮನಾಬಾದಿನಲ್ಲಿ ಬಸ್ಸಿಳಿದು, ಮಾಣಿಕನಗರದಲ್ಲಿ ಬಳೆ ಅಂಗಡಿ ಇಟ್ಟಿದ್ದ ಚಿಕ್ಕಮ್ಮ ಅಸ್ಗರಿಯನ್ನು ಕೇಳಿದಳು.

"ನಿಂದೇ ಅದ. ನಂದಲ್ಲಂತ ಬರದ್ರ ನಿಕಾಹನೇ ಸುಳ್ಳಂದಂಗ ಆಗ್ತದ," ಎಂದಳು ಅಸ್ಗರಿ.

ಬಳೆ ಇಡಿಸಿಕೊಳ್ಳುತ್ತಿದ್ದ ಲಲಿತಾಬಾಯಿ ಸುಮ್ಮನಿರಬೇಕಲ್ಲ. "ನೋಂದಣಿ ಇಲ್ಲಂದ್ಮ್ಯಾಲ ಅದು ಹ್ಯಾಂಗ ಮನಿ ಆಗ್ತದರಿ? ಬರದು ಕೊಟ್ಟುಬಿಡ್ರಿ," ಎಂದಳು.

ಇಬ್ಬರ ಮಾತೂ ಸರಿ ಎನಿಸಿ ಮಹಜಬೀನಳಿಗೆ ಅಳು ಬಂತು. ಬಸವಕಲ್ಯಾಣ ಮುಟ್ಟಿದವಳೇ ಮಾವನ ಮುಂದೆ ನಿಂತು, "ಕೋಣಿ ವಾಪಸ್ ತಗೋರಿ ಅಬ್ಬಾ," ಎಂದಳು.

ಲಾಲ್ ಅಹ್ಮದರ ಮುಖ ಸಣ್ಣದಾಯಿತು. "ಜಮಾತ್ ಮುಂದ ಕೊಟ್ಟಿದ್ದು ವಾಪಸ್ ತಗೊಂಡು ಯಾವ ಮಾರಿ ಇಟ್ಕೊಂಡು ಮಸೀದಿಗಿ ಹೋಗ್ಲಿ? ಫ್ಲ್ಯಾಟ್ ಬ್ಯಾರೆ ಸಿಗ್ತದ."

ಬೇರೆ ಎಲ್ಲಿ ಸಿಗುತ್ತದೆ? ಅವಳು ಕೋಣೆಗೆ ಹೋಗಿ ಚೀಲ ಬಿಸಾಕಿ ಕುಳಿತಳು. ಸ್ವಲ್ಪ ಹೊತ್ತಿಗೆ ಅತ್ತೆ ಕುಲ್ಸುಮ್ ಬೀ ಹೊಸ್ತಿಲಾಚೆ ನಿಂತು, "ಒಳಗ ಬರ್ಲೇನವ್ವ?" ಎಂದರು. ಮದುವೆಯಾದಂದಿನಿಂದ ಅವರು ಹೀಗೆಯೇ. ತಮ್ಮ ಟ್ರಂಕು ಇಲ್ಲಿದ್ದರೂ ಕೇಳದೆ ಕಾಲಿಡರು, ಸುಣ್ಣ ಬಳಿಸುವುದಕ್ಕೂ ಹೈದರಾಬಾದಿಗೆ ಫೋನು ಮಾಡುತ್ತಿದ್ದರು. ಮಹಜಬೀನ್ ಅದನ್ನು ಚೇಷ್ಟೆಯೆಂದೇ ತಿಳಿದಿದ್ದಳು.

"ನಿಮ್ಮ ಮನಿಯಾಗ ನೀವ್ಯಾಕ ಕೇಳ್ತೀರಿ ಅಮ್ಮಿ?"

"ನಂದು ಎಲ್ಲಿ ಅದವ್ವ? ನನ್ನ ಮಹರ್ ಇವರು ಮದಿವಿ ರಾತ್ರಿನೇ ಮಾಫ್ ಮಾಡಿಸ್ಕೊಂಡ್ರು. ನಾ ಸಣ್ಣಾಕಿ, ಹ್ಞೂಂ ಅಂದೆ. ಅದಕ್ಕೇ ಸೊಸಿಗಿ ಕೋಣಿನೇ ಬರೀರಿ ಅಂತ ಹಟ ಹಿಡದೆ. ಇಷ್ಟು ದೊಡ್ಡದು ಮಾಫ್ ಮಾಡು ಅನ್ನಾಕ ಯಾವ ಗಂಡಸಿಗೂ ಬಾಯಿ ಬರಂಗಿಲ್ಲಂತ."

ಈಗ ಬಾಯಿ ಬಂದದ್ದು ತನಗೇ ಎಂದು ಮಹಜಬೀನಳಿಗೆ ನಾಚಿಕೆಯಾಯಿತು. ಆದರೆ ಆ ಫ್ಲ್ಯಾಟೂ ಬೇಕಿತ್ತು, ತುಂಬಾ ಬೇಕಿತ್ತು. ತನ್ನದನ್ನು ಮಾಫ್ ಮಾಡಕೂಡದು, ವಾಪಸ್ಸೂ ಕೊಡಕೂಡದು. ಆದರೆ ಬೇರೆ ಯಾರಿಗಾದರೂ ಕೊಡಬಾರದೆಂದು ಯಾರು ಹೇಳಿದ್ದರು?

ಮಾವನನ್ನೂ ಪಕ್ಕದ ಮನೆಯ ಜೈನಬಿಯನ್ನೂ ಕರೆದು ಅಂಗಳದಲ್ಲಿ ನಿಲ್ಲಿಸಿದಳು. "ಈ ಕೋಣಿ ನಾ ಅಮ್ಮಿಗಿ ಕೊಟ್ಟೆ," ಎಂದು ಕೀಲಿಯನ್ನು ಕುಲ್ಸುಮ್ ಬೀ ಕೈಗಿಟ್ಟಳು. ಲಾಲ್ ಅಹ್ಮದ್ ತಕರಾರು ಹುಡುಕಿದರು, ಸಿಗಲಿಲ್ಲ. ಸೋಮವಾರ ಹೋಗಿ ನೋಂದಣಿಯನ್ನೂ ಮಾಡಿಸೋಣ ಎಂದರು ಕೊನೆಗೆ. ಫ್ಲ್ಯಾಟಿನ ಕಚೇರಿಯವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಮಹಜಬೀನಳಿಗೆ ಈಗಲೂ ಗೊತ್ತಿರಲಿಲ್ಲ.

ಸಂಜೆ ಚೀಲ ತರಲೆಂದು ಕೋಣೆಯ ಕಡೆ ಹೋದವಳು ಹೊಸ್ತಿಲ ಬಳಿ ತಡೆದು ನಿಂತಳು. ಕುಲ್ಸುಮ್ ಬೀ ಒಳಗೆ ಟ್ರಂಕಿನ ಮೇಲೆ ಕುಳಿತಿದ್ದರು.

"ಒಳಗ ಬರ್ಲೇನ್ರಿ?" ಎಂದಳು.

ಕುಲ್ಸುಮ್ ಬೀ, ಸೊಸೆ ಯಾರನ್ನು ಕೇಳುತ್ತಿದ್ದಾಳೆಂದು ಹಿಂದಕ್ಕೆ ತಿರುಗಿ ನೋಡಿದರು.